ಒಂದೂವರೆ ಚೀಲದ ಕಮಾನು

ನಮ್ಮ ಕಡೆ ಯಾವ ಗಾಡಿ ಕಂಡರೂ ಜನ ಮೊದಲು ಕೇಳುವುದು ಒಂದೇ: ಎಷ್ಟು ಚೀಲ ಹೊರುತ್ತದೆ? ಎತ್ತಿನ ಗಾಡಿಗೂ ಅದೇ ಪ್ರಶ್ನೆ, ಲಾರಿಗೂ ಅದೇ, ಒಮ್ಮೆ ಮದುವೆಗೆ ಬಂದ ಬೀಗರ ಹೊಸ ಕಾರಿಗೂ ಅದೇ. ಹಾಗಿರುವಾಗ ಏನನ್ನೂ ಹೊರಬೇಕಾಗಿಲ್ಲದ, ಬರೀ ಓಡುವುದಕ್ಕೆಂದೇ ಹುಟ್ಟಿದ ಗಾಡಿಯೊಂದನ್ನು ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ನಾನು ಕಟ್ಟಲು ಹೊರಟಾಗ ನನಗೆ ತಲೆ ಕೆಟ್ಟಿದೆ ಎಂದು ಎಲ್ಲರೂ ತೀರ್ಮಾನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಗಿನ್ನೂ ಬ್ರಿಟಿಷರ ಕಾಲ. ನನಗೆ ಇಪ್ಪತ್ತೆರಡು ವರ್ಷ, ಮೂಗಿನ ತುದಿಯಲ್ಲೇ ಕೋಪ.

ಪಕ್ಕದ ಎಸ್ಟೇಟಿನ ದೊರೆ ತನ್ನ ಪುಟ್ಟ ಕಾರನ್ನು ತಿರುವಿನಲ್ಲಿ ಮರಕ್ಕೆ ಗುದ್ದಿ, ಅದರ ಅವಶೇಷವನ್ನು ನನಗೆ ಕೊಟ್ಟು ಊರಿಗೆ ಹಡಗು ಹತ್ತಿದ್ದ. ಇಂಜಿನ್ನು, ಚಾಸಿ, ಚಕ್ರ ನೆಟ್ಟಗಿದ್ದವು. ಉಳಿದದ್ದನ್ನೆಲ್ಲ ಕಿತ್ತೆಸೆದು ತೆಳು ಹಲಗೆ, ತಗಡು, ಕ್ಯಾನ್ವಾಸು ಹೊದಿಸಿ, ಎರಡು ಬೆತ್ತದ ಕುರ್ಚಿಗಳ ಕಾಲು ಕತ್ತರಿಸಿ ಸೀಟು ಮಾಡಿದೆ. ಬಾಗಿಲೇ ಇಲ್ಲ, ಬದಿ ದಾಟಿ ಒಳಗಿಳಿಯಬೇಕು. ಜೊತೆಗಿದ್ದವನು ತೋಟದ ಫಿಟ್ಟರ್. ಕಾಫಿ ಹಣ್ಣಿನ ಕಾಲದಲ್ಲಿ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಿಕೊಳ್ಳುವ ಆತನಿಗೆ ಬೇಸಿಗೆಯಲ್ಲಿ ಕೆಲಸ ಕಮ್ಮಿ, ಬಾಯಿ ಜಾಸ್ತಿ.

ಮೊದಮೊದಲು ಇದೆಲ್ಲ ನನ್ನ ಹುಚ್ಚು ಮಾತ್ರ. ಅಜ್ಜಿ ನಡುವೆ ಬಂದಳು ನೋಡಿ, ಅಲ್ಲಿಂದ ವಿಷಯ ಗಂಭೀರವಾಯಿತು.

ಅಜ್ಜಿಯ ತವರು ಕಳಸದ ಹತ್ತಿರ. ಅಲ್ಲಿ ಅವಳ ತಂಗಿ ಇದ್ದಳು; ಗಂಡ ತೀರಿಕೊಂಡ ಮೇಲೆ ಅಣ್ಣನ ಮಕ್ಕಳ ಮನೆಯಲ್ಲೇ ಉಳಿದವಳು. ಇಬ್ಬರೂ ಭೇಟಿಯಾಗಿ ಏಳು ವರ್ಷವಾಗಿತ್ತು. ಕೊನೆಯ ಸಲ ಬಸ್ಸಿನಲ್ಲಿ ಹೋಗಿ ಬಂದ ಅಜ್ಜಿ ಸೊಂಟ ಹಿಡಿದು ಹದಿನೈದು ದಿನ ಮಲಗಿದ್ದಳು. ಅವತ್ತೇ ಅಪ್ಪ, ಇನ್ನು ಅಮ್ಮನ ಪ್ರಯಾಣ ಸಾಕು ಎಂದುಬಿಟ್ಟಿದ್ದರು. ನಾನು ಗಾಡಿ ಕಟ್ಟುವುದನ್ನು ಅಜ್ಜಿ ದಿನಾ ಜಗಲಿಯಿಂದ ನೋಡುತ್ತಿದ್ದಳು. ಒಂದು ದಿನ ಮೆಲ್ಲಗೆ ಕೇಳಿದಳು: "ಇದು ಕಳಸಕ್ಕೆ ಹೋಗ್ತದನಾ, ಮಗ?"

ನನ್ನ ಬಾಯಿ ಕೇಳಬೇಕೆ? "ಸೊಂಟಕ್ಕೆ ಗೊತ್ತೇ ಆಗದ ಹಾಗೆ ಕರ್ಕೊಂಡು ಹೋಗ್ತೀನಿ" ಎಂದುಬಿಟ್ಟೆ.

ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. "ಒಂದೇ ಸಲ. ಮಳೆ ಹಿಡಿಯೋದರೊಳಗೆ ಹೋಗಿ ಬನ್ನಿ. ಅಮ್ಮನಿಗೆ ನೋವಾಯ್ತೋ, ಆಮೇಲೆ ಕಳಸದ ಮಾತು ಈ ಮನೇಲಿ ಎತ್ತಬಾರದು" ಎಂದರು. ಅಜ್ಜಿ ನನ್ನ ಕಡೆ ನೋಡಿದಳು. ಇಡೀ ಏಳು ವರ್ಷದ ಆಸೆ ನನ್ನ ತಲೆಯ ಮೇಲೆ ಬಂದು ಕೂತಿತು.

ಈಗ ಕಮಾನಿನ ಪ್ರಶ್ನೆ. ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ್ದೇ ಗಾಡಿಯ ಕಮಾನು. ಪಟ್ಟಿ ಹೆಚ್ಚಾದರೆ ಬಿಗಿ, ಕಮ್ಮಿಯಾದರೆ ಮೆದು. ಚಿಕ್ಕಮಗಳೂರಿನ ಗುಜರಿಯಿಂದ ಒಂದು ರಾಶಿ ಪಟ್ಟಿ ತಂದಿದ್ದೆ. ಫಿಟ್ಟರ್ ಎಲ್ಲವನ್ನೂ ಹಾಕೋಣ ಎಂದ.

"ಸಣ್ಣಯ್ಯ, ಜಾಸ್ತಿ ಇದ್ರೆ ಕೆಟ್ಟದ್ದೇನುಂಟು? ಗಟ್ಟಿ ಇರ್ತದೆ."

"ನಿನ್ನ ತಲೆ! ಗಟ್ಟಿ ಆದ್ರೆ ಕಲ್ಲು ಕಂಡಲ್ಲೆಲ್ಲ ಕಪ್ಪೆ ಹಾರಿದ ಹಾಗೆ ಹಾರ್ತದೆ ಮಾರಾಯ."

ತೀರಾ ಮೆದುವಾದರೂ ಗುಂಡಿಗೆ ಬಿದ್ದಾಗ ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ಹಾಗಾಗಿ ಮೇಲೆ ಕೂರುವವರ ತೂಕ ಗೊತ್ತಾಗದೆ ಕಮಾನು ಆರಿಸುವಂತಿಲ್ಲ. ನನ್ನ ತೂಕವನ್ನು ಕಾಫಿ ತೂಗುವ ತಕ್ಕಡಿಯಲ್ಲೇ ನೋಡಿಕೊಂಡೆ. ಅಜ್ಜಿಯನ್ನು ಕರೆದರೆ ಕೆಂಡವಾದಳು.

"ತುಲಾಭಾರದ ತಕ್ಕಡಿ ಬಿಟ್ಟು ಇನ್ನೊಂದರಲ್ಲಿ ಮನುಷ್ಯರು ಕೂರಬಾರದು. ನಾನೇನು ಕಾಫಿ ಮೂಟೆಯೇನೋ?"

ನಮ್ಮ ಮನೆಯಲ್ಲಿ ಆ ಮಾತಿಗೆ ಎದುರಾಡುವವರಿಲ್ಲ. ದೇವರ ಮುಂದೆ ತೂಗಿಸಿಕೊಳ್ಳುವುದು ಬೇರೆ, ಕಾಫಿ ತೂಗುವ ಮೇಸ್ತ್ರಿ ಎದುರಿಗೆ ತೂಗಿಸಿಕೊಳ್ಳುವುದು ಬೇರೆ. ಕಡೆಗೆ ಅಂದಾಜಿಗೆ ಬಿದ್ದೆವು. ಅಜ್ಜಿ ಎಂದರೆ ಗಟ್ಟಿ ದನಿ, ಅಡ್ಡಡ್ಡ ಬೆಳೆದ ಆಳು, ಬೇಸಿಗೆಯಲ್ಲೂ ಹೊದ್ದ ದಪ್ಪ ಶಾಲು. "ಪಾರ್ಚ್‌ಮೆಂಟ್ ಚೀಲ ಒಂದೂವರೆ" ಎಂದ ಫಿಟ್ಟರ್, ಯಾವ ಅನುಮಾನವೂ ಇಲ್ಲದೆ. ನನಗೂ ಹಾಗೇ ಅನಿಸಿತು.

ಉಗ್ರಾಣದಲ್ಲಿ ಉಳಿದಿದ್ದ ಪಾರ್ಚ್‌ಮೆಂಟನ್ನೇ, ಅಂದರೆ ಸಿಪ್ಪೆ ಸುಲಿದು ಒಣಗಿಸಿದ ಕಾಫಿಯನ್ನೇ, ಒಂದೂವರೆ ಚೀಲ ತುಂಬಿ ಅಜ್ಜಿಯ ಸೀಟಿನಲ್ಲಿ ಕೂರಿಸಿದೆವು. ಒಂದೊಂದೇ ಪಟ್ಟಿ ತೆಗೆದು, ಹಾಕಿ, ಗಾಡಿ ಎಷ್ಟು ಕುಸಿಯುತ್ತದೆಂದು ಕಡ್ಡಿ ಹಿಡಿದು ಅಳೆದೆವು. ಆದರೆ ಕಮಾನು ಸರಿಯಾದರೆ ಸಾಲದು, ಕುಣಿಯಲು ಶುರುವಾದ ಗಾಡಿಯನ್ನು ಯಾರಾದರೂ ಸುಮ್ಮನಿರಿಸಬೇಕಲ್ಲ. ಅದಕ್ಕೆ ಡ್ಯಾಂಪರ್: ಎರಡು ಕಬ್ಬಿಣದ ತೋಳುಗಳ ನಡುವೆ ಚರ್ಮದ ಬಿಲ್ಲೆ ಇಟ್ಟು ಬೋಲ್ಟ್ ಬಿಗಿದರೆ ಆ ಉಜ್ಜಾಟವೇ ಕುಣಿತವನ್ನು ಹಿಡಿಯುತ್ತದೆ. ಹಳೆಯ ಬಿಲ್ಲೆಗಳು ಸವೆದಿದ್ದವು. ಪಲ್ಪರಿನ ಚರ್ಮದ ಬೆಲ್ಟಿನಿಂದ ಒಂದು ಗೇಣು ಕತ್ತರಿಸಿ ಹೊಸ ಬಿಲ್ಲೆ ಮಾಡಿದೆವು. ಆ ಬೆಲ್ಟು ಹೇಗೆ ಗಿಡ್ಡವಾಯಿತೆಂದು ಅಪ್ಪ ಮುಂದಿನ ಹಣ್ಣು ಕಾಲದಲ್ಲಿ ಕೇಳಿದಾಗ ನಾನೂ ಫಿಟ್ಟರೂ ಆಕಾಶ ನೋಡಿದೆವು.

ಒತ್ತಿ ಬಿಟ್ಟರೆ ಗಾಡಿ ಒಮ್ಮೆ ಏಳಬೇಕು, ಒಮ್ಮೆ ಕೂರಬೇಕು, ಅಲ್ಲಿಗೆ ಸುಮ್ಮನಾಗಬೇಕು. ವಾರಗಟ್ಟಲೆ ಹೆಣಗಿ ಅಷ್ಟು ಸಾಧಿಸಿದೆವು. ಚೀಲದ ಪಕ್ಕದಲ್ಲಿ ಮಜ್ಜಿಗೆ ಚೊಂಬಿಟ್ಟು ನಾನು ಗೇಟಿನವರೆಗೆ ಓಡಿಸಿದೆ, ಫಿಟ್ಟರ್ ಚೊಂಬು ನೋಡುತ್ತ ಪಕ್ಕದಲ್ಲೇ ಓಡಿ ಬಂದ. ಒಂದು ಹನಿ ಚೆಲ್ಲಲಿಲ್ಲ. ಅಬ್ಬಾ, ಅವತ್ತು ನನ್ನ ಜಂಬ ನೋಡಬೇಕಿತ್ತು!

ಹೊರಡುವ ಬೆಳಿಗ್ಗೆ ಜಗಲಿಯ ಮೇಲೆ ಅಕ್ಕಿ, ಬೆಲ್ಲ, ಕಾಫಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಸೀರೆ ಗಂಟು ಸಾಲಾಗಿ ಕೂತಿದ್ದವು. ನನಗೆ ರೇಗಿತು.

"ಇದು ಲಾರಿ ಅಲ್ಲ ಅಜ್ಜಿ! ಒಂದೊಂದು ಮೊಳೆ ತೂಕ ಲೆಕ್ಕ ಹಾಕಿ ಹಗುರ ಮಾಡಿದ್ದೀನಿ. ಇದೆಲ್ಲ ಬೇಡ."

"ತವರಿಗೆ ಬರಿಗೈಲಿ ಹೋಗ್ಲಾ? ಎಂತ ಮಾತೋ ನಿಂದು!"

ನಾನು ಜಗ್ಗಲಿಲ್ಲ. ಅಜ್ಜಿ ಕಣ್ಣೊರೆಸಿಕೊಂಡು ಗಾಡಿಯ ಹತ್ತಿರ ಬಂದಳು. ಬದಿ ದಾಟಿಸಲು ಅವಳನ್ನು ಎತ್ತಿದೆ. ಎಷ್ಟು ಬಲ ಹಾಕಿ ಎತ್ತಿದೆನೆಂದರೆ ಹಿಂದಕ್ಕೆ ಬೀಳುವುದರಲ್ಲಿದ್ದೆ. ಶಾಲಿನ ಒಳಗೆ ಅಜ್ಜಿ ಇದ್ದಳೋ ಇಲ್ಲವೋ ಎಂಬಷ್ಟು ಹಗುರ. ನಮ್ಮ ಒಂದೂವರೆ ಚೀಲದ ಲೆಕ್ಕ ತಪ್ಪಿತ್ತು, ಆದರೆ ಅಪ್ಪ ನೋಡುತ್ತಿದ್ದರು. ಏನೂ ಆಗದವನ ಹಾಗೆ ಗಾಡಿ ಬಿಟ್ಟೆ.

ಗೇಟು ದಾಟಿದ್ದೇ ತಡ, ಗಾಡಿ ಎಗರತೊಡಗಿತು. ಒಂದೂವರೆ ಚೀಲಕ್ಕೆಂದು ಕಟ್ಟಿದ ಕಮಾನು ಅಜ್ಜಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಪ್ರತಿ ಕಲ್ಲಿಗೂ ಅವಳು ಸೀಟು ಬಿಟ್ಟು ಏಳುತ್ತಿದ್ದಳು. ಬಾಯಿ ಬಿಗಿ ಹಿಡಿದಿದ್ದಳು, ಮುಖ ಮಾತ್ರ ಬಿಳಿಚಿತ್ತು. ಎರಡನೇ ತಿರುವಿನಲ್ಲಿ ನಿಲ್ಲಿಸಿದೆ. ಡ್ಯಾಂಪರ್ ಬೋಲ್ಟು ಸಡಿಲಿಸಿ ಸ್ವಲ್ಪ ದೂರ ಹೋದೆ, ಕುಣಿತ ಹೆಚ್ಚಾಯಿತು. ಬಿಗಿದು ಹೋದೆ, ದಡ್ ದಡ್ ಎಂದು ನೇರ ಸೊಂಟಕ್ಕೇ ಬಡಿಯಿತು. ಸ್ಪ್ಯಾನರ್ ಹಿಡಿದು ರಸ್ತೆಯಲ್ಲಿ ಕೂತುಬಿಟ್ಟೆ. ನಾಚಿಕೆಯಿಂದ ಅಳು ಬರುವಂತಾಗಿತ್ತು.

"ಎಂತಾಯ್ತೋ?"

"ತೂಕ ಸಾಲ್ತಾ ಇಲ್ಲ ಅಜ್ಜಿ. ನೀನು ಇನ್ನೂ ದಪ್ಪ ಅಂದ್ಕೊಂಡಿದ್ದೆ."

ಅಜ್ಜಿ ನಕ್ಕ ನಗು ಕಾಡಿಗೆಲ್ಲ ಕೇಳಿಸಿರಬೇಕು. "ಹಾಗಾದ್ರೆ ನನ್ನ ಅಕ್ಕಿ, ಬೆಲ್ಲ ಹೇರು, ಮಾರಾಯ! ಅದಕ್ಕೇ ಹೇಳಿದ್ದು, ಬರಿಗೈಲಿ ಹೋಗಬಾರದು ಅಂತ."

ತಿರುಗಿ ಬಂದೆವು. ಪುಣ್ಯಕ್ಕೆ ಅಪ್ಪ ತೋಟಕ್ಕಿಳಿದಿದ್ದರು. ಫಿಟ್ಟರೂ ನಾನೂ ಸದ್ದಿಲ್ಲದೆ ಗಂಟುಗಳನ್ನು ಸೀಟಿನ ಹಿಂದೆ ಹೇರಿದೆವು, ಇನ್ನೂ ಒಂದು ಸಣ್ಣ ಮೂಟೆ ಅಕ್ಕಿ ಸೇರಿಸಿದೆವು. ಆಮೇಲೆ ಕೊಟ್ಟಿಗೆಹಾರ ದಾಟಿ ಕಳಸದವರೆಗೆ ಗಾಡಿ ತೊಟ್ಟಿಲಿನ ಹಾಗೆ ಹೋಯಿತು. ದಾರಿಯಲ್ಲಿ ಅಜ್ಜಿ ತೂಕಡಿಸಿದಳು ಕೂಡ.

ಅಜ್ಜಿಯ ತಂಗಿ ಅಂಗಳದಲ್ಲೇ ನಿಂತಿದ್ದಳು. ಇಬ್ಬರೂ ಒಬ್ಬರ ಕೆನ್ನೆ ಒಬ್ಬರು ಮುಟ್ಟಿ ನೋಡಿಕೊಂಡರು. ನನಗೆ ತುಂಬ ಸಂತೋಷವಾಯಿತು. ಗಾಡಿಯ ಕೆಳಗೆ ತೂರಿ ಏನೋ ರಿಪೇರಿ ಇರುವವನ ಹಾಗೆ ನಟಿಸಿದೆ.

ಮೂರು ದಿನವಿದ್ದೆವು. ಹೊರಡುವ ದಿನ ಮತ್ತೆ ಚಿಂತೆ: ಅಕ್ಕಿ ಬೆಲ್ಲವೆಲ್ಲ ತವರಿಗೆ ಸಂದಾಯವಾಗಿತ್ತು, ಗಾಡಿ ಖಾಲಿ. ಹೊಳೆಯ ಕಲ್ಲು ಹೇರಲು ಬುಟ್ಟಿ ತಂದೆ.

"ಕಲ್ಲು ಯಾಕೋ?" ಎಂದಳು ಅಜ್ಜಿ. "ಇವಳನ್ನ ಹತ್ತಿಸು."

ತಂಗಿಯ ಬಟ್ಟೆ ಗಂಟು ಆಗಲೇ ತಯಾರಾಗಿತ್ತು. ಎತ್ತಿದೆ. ಅಕ್ಕನಷ್ಟೇ ಹಗುರ. ಒಂದೇ ಬೆತ್ತದ ಸೀಟಿನಲ್ಲಿ ಇಬ್ಬರೂ ಆರಾಮಾಗಿ ಹಿಡಿಸಿದರು. ಒತ್ತಿ ಬಿಟ್ಟೆ: ಗಾಡಿ ಒಮ್ಮೆ ಎದ್ದಿತು, ಒಮ್ಮೆ ಕೂತಿತು, ಸುಮ್ಮನಾಯಿತು. ಒಂದೂವರೆ ಚೀಲ, ಸರಿಯಾಗಿ.

ದಾರಿಯುದ್ದಕ್ಕೂ ಇಬ್ಬರದೂ ಮಾತೇ ಮಾತು. ನಮ್ಮ ಗೇಟು ಕಾಣುವ ಹೊತ್ತಿಗೆ ಹಲ್ಲಿನ ಸಂದಿಗೆ ಸಿಕ್ಕ ಕಡ್ಡಿಯ ಹಾಗೆ ಕಾಡುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಅಜ್ಜಿ, ನಿಜ ಹೇಳು. ತಕ್ಕಡೀಲಿ ಕೂರಲ್ಲ ಅಂದಿದ್ದು ತುಲಾಭಾರದ ನೇಮಕ್ಕೇನಾ?"

ಅಜ್ಜಿ ತಂಗಿಯ ಮುಖ ನೋಡಿದಳು. ಶಾಲು ಎಳೆದುಕೊಂಡಳು.

"ನಾನು ಇಷ್ಟು ಇಳಿದುಹೋಗಿದ್ದೀನಿ ಅಂತ ಅವತ್ತೇ ಗೊತ್ತಾಗಿದ್ರೆ, ನೀನು ನನ್ನ ಕರ್ಕೊಂಡು ಹೋಗ್ತಿದ್ಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಅಜ್ಜಿ" ಎಂದೆ.

"ಅದಕ್ಕೇ" ಎಂದು ಅವಳು ತಂಗಿಯ ಕಡೆ ತಿರುಗಿ, ಅರ್ಧಕ್ಕೆ ನಿಂತಿದ್ದ ಮಾತು ಮುಂದುವರಿಸಿದಳು.