ಕಿಲುಬು ತಿಕ್ಕಿದ ನರ್ಸಮ್ಮ

ನರ್ಸಮ್ಮನವರ ಬೆರಳ ತುದಿಗಳು ವರ್ಷವಿಡೀ ನೆನೆಹಾಕಿದ ಅವರೆಕಾಳಿನ ಸಿಪ್ಪೆಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಉಗುರನ್ನು ಮಾಂಸಕ್ಕೆ ಹತ್ತುವಷ್ಟು ಕತ್ತರಿಸಿಕೊಂಡಿರುತ್ತಿದ್ದರು. ಹತ್ತಿರ ಬಂದರೆ ಕಾರ್ಬಾಲಿಕ್ ಸೋಪಿನ ವಾಸನೆ. ಎದುರಿಗೆ ಯಾರೇ ಬರಲಿ, ನಮಸ್ಕಾರಕ್ಕಿಂತ ಮೊದಲು ಆಕೆ ಕೇಳುತ್ತಿದ್ದದ್ದು, "ಕೈ ತೊಳ್ಕೊಂಡ್ರಾ?" ಒಮ್ಮೆ ಬಾಣಂತಿಗೆಂದು ಪ್ರಸಾದ ತಂದ ಅರ್ಚಕರನ್ನೂ ಹೀಗೇ ಕೇಳಿ, ಬಚ್ಚಲಮನೆ ತೋರಿಸಿದ್ದರು. ಅರ್ಚಕರು ಮಂತ್ರ ಮರೆತು ಕೈ ತೊಳೆದರು.

ನನಗೀಗ ವಯಸ್ಸಾಗಿದೆ. ಹಾಲು ತರಲು ಬೀದಿಯ ಕೊನೆಗೆ ಹೋಗಿ ಬಂದರೆ ಅರ್ಧ ದಿನ ಸುಸ್ತು. ಬಾಯಿಗೊಂದು ವಯಸ್ಸಾಗಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪ್ರಾಯದಲ್ಲಿ ಈ ಮೈಸೂರಿನಲ್ಲಿ ನನ್ನಂಥ ಕುಚೇಷ್ಟೆಯವನು ಇನ್ನೊಬ್ಬನಿರಲಿಲ್ಲ. ನಮ್ಮ ಕಚೇರಿಯ ಸೂಪರಿಂಟೆಂಡೆಂಟರ ಛತ್ರಿಯೊಳಗೆ ಕಡಲೆಪುರಿ ತುಂಬಿಸಿಟ್ಟು, ಅವರು ಸಯ್ಯಾಜಿರಾವ್ ರಸ್ತೆಯಲ್ಲಿ ಮಳೆಗೆಂದು ಅದನ್ನು ಬಿಚ್ಚಿದಾಗ ತಲೆಯ ಮೇಲೆ ಪುರಿಯ ಅಭಿಷೇಕ ಮಾಡಿಸಿದವನು ನಾನೇ. ಅವರು ಕಡೆಯವರೆಗೂ ಬೇರೆ ಯಾರನ್ನೋ ಬೈದುಕೊಂಡಿದ್ದರು. ಇಷ್ಟು ಚತುರನಾದ ನನ್ನನ್ನು ಒಬ್ಬರು ಮಾತ್ರ ಒಂದೇ ಮಾತಿನಲ್ಲಿ ಕಟ್ಟಿಹಾಕಿದರು. ಅವರ ವಿಷಯವೇ ಇದು.

ಅಶೋಕಪುರಂ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಹೆಂಚಿನ ಮನೆಯಲ್ಲಿ ನರ್ಸಮ್ಮನವರ ಹೆರಿಗೆ ಮನೆ. ದೊಡ್ಡಾಸ್ಪತ್ರೆಗೆ ಹೋಗಲು ಹೆದರುವವರು, ಸುತ್ತಲ ಹಳ್ಳಿಗಳಿಂದ ಗಾಡಿಯಲ್ಲಿ ಬರುವ ಒಕ್ಕಲು ಮಕ್ಕಳು, ಪೇಟೆಯ ಕೂಲಿಯವರು, ಎಲ್ಲರೂ ಅಲ್ಲಿಗೇ. ನನ್ನ ಹೆಂಡತಿಯೂ ಚೊಚ್ಚಲಿಗೆ ಅಲ್ಲಿಗೇ ಹೋದಳು. ಬಹಳ ಕಷ್ಟದ ಹೆರಿಗೆ ಅದು. ಹೊರಗೆ ಜಗಲಿಯ ಮೇಲೆ ಕೂತಿದ್ದ ನನ್ನ ಬಾಯಿಂದ ಅಂದು ಒಂದು ಕುಚೋದ್ಯವೂ ಹೊರಡಲಿಲ್ಲ. ನಡುಮಧ್ಯಾಹ್ನ ನರ್ಸಮ್ಮ ಹೊರಗೆ ಬಂದರು. "ಇಬ್ರೂ ಚೆನ್ನಾಗಿದಾರೆ ಕಣ್ರೀ" ಎಂದವರು ಗೋಡೆಗೆ ಒರಗಿ ನಿಂತಲ್ಲೇ ನಿದ್ದೆ ಹೋದರು. ನಿಂತುಕೊಂಡು ಗೊರಕೆ ಹೊಡೆಯುವ ಮನುಷ್ಯರನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟು ದಣಿವಿಗೆ ಕಾರಣ ಹೆರಿಗೆಗಳಲ್ಲ, ನೀರು. ಆ ಮನೆಗೆ ನಲ್ಲಿ ಇರಲಿಲ್ಲ. ತಿರುವಿನಲ್ಲಿದ್ದ ಬೀದಿ ನಲ್ಲಿಯಲ್ಲಿ ಬೆಳಗಿನ ಹೊತ್ತು ನೀರು ಬಂದಷ್ಟು ಬಂತು. ಆಯಾಗೆ ಬಟ್ಟೆ ಒಗೆಯುವುದರಲ್ಲೇ ಸಾಕಾಗುತ್ತಿತ್ತು. ನರ್ಸಮ್ಮನೇ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹೊರುತ್ತಿದ್ದರು. ತಂದದ್ದನ್ನೆಲ್ಲ ಕುದಿಸುತ್ತಿದ್ದರು. ಕತ್ತರಿ, ಬಟ್ಟೆ, ಚಮಚ, ಮಗುವಿನ ಸೊಂಟದ ದಾರ, ಎಲ್ಲಕ್ಕೂ ಕುದಿಯುವ ನೀರಿನ ದೀಕ್ಷೆ. "ನೀರಿದ್ರೆ ಅರ್ಧ ಕಾಯಿಲೆ ಬಾಗ್ಲಾಚೆಗೇ ನಿಲ್ತದೆ" ಎನ್ನುತ್ತಿದ್ದರು, ಸೊಂಟಕ್ಕೆ ಕೈಕೊಟ್ಟುಕೊಂಡು.

ಕೊಡಲು ಏನೂ ಇಲ್ಲದವರು ಹೆರಿಗೆಯಾದ ಮೇಲೆ ಒಂದು ಸೇರು ರಾಗಿಯನ್ನೋ, ದೇವರ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಸನ್ನೋ ಕೊಟ್ಟು ಹೋಗುತ್ತಿದ್ದರು. ಕಾಸು ಎಂದರೆ ಚಲಾವಣೆ ತಪ್ಪಿದ್ದು. ಒಂದು ಬದಿಗೆ ಆನೆ ಇರುವ ತಾಮ್ರದ್ದು, ಸಿಂಹ ಇರುವುದು, ಏನೂ ಕಾಣದಷ್ಟು ಸವೆದದ್ದು. ಅವನ್ನೂ ಕುದಿಸಿ, ಹುಣಸೆಹಣ್ಣು ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ಉಪ್ಪಿನಕಾಯಿ ಜಾಡಿಯೊಂದರಲ್ಲಿ ಹಾಕಿಡುತ್ತಿದ್ದರು.

ಆಗ ಆಣೆ ಹೋಗಿ ನಯಾ ಪೈಸೆ ಬಂದಿತ್ತು. ಊರಿನಲ್ಲಿ ಎಲ್ಲರಿಗೂ ಇದ್ದಕ್ಕಿದ್ದಂತೆ ಹಳೆಯ ನಾಣ್ಯದ ಹುಚ್ಚು. ಲಕ್ಷ್ಮೀಪುರಂನ ಒಂದು ವಾಚನಾಲಯದ ಮಹಡಿಯಲ್ಲಿ ನಾವು ಕೆಲವರು ವರ್ಷಕ್ಕೊಮ್ಮೆ ಸೇರಿ ಸ್ಪರ್ಧೆ ನಡೆಸುತ್ತಿದ್ದೆವು. ಒಬ್ಬೊಬ್ಬರೂ ಒಂದೊಂದು ಪುರಾತನ ನಾಣ್ಯ ತಂದು ಹಸಿರು ಬಟ್ಟೆ ಹಾಸಿದ ಮೇಜಿನ ಮೇಲಿಟ್ಟು ಅದರ ಕಥೆ ಹೇಳಬೇಕು. ಗಂಟೆ ಬಾರಿಸಿದಾಗ ಮೇಜಿನ ಮೇಲೆ ಯಾವ ನಾಣ್ಯ ಇದೆಯೋ ಅದು ಸ್ಪರ್ಧೆಗೆ ಬಂದಂತೆ. ಹೆಚ್ಚು ಚಪ್ಪಾಳೆ ಬಿದ್ದವರು ಗೆದ್ದಂತೆ, ಅವರಿಗೆ ಹಾರ. ಗೆದ್ದ ನಾಣ್ಯ ಮಾತ್ರ ಅಲ್ಲೇ ಹರಾಜಾಗಬೇಕು, ಬಂದದ್ದೆಲ್ಲ ನರ್ಸಮ್ಮನ ಹೆರಿಗೆ ಮನೆಗೆ. ಈ ನಿಯಮಗಳನ್ನು ಮಾಡಿದವರು ನಮ್ಮ ಅಧ್ಯಕ್ಷರು, ನಿವೃತ್ತ ಇಂಜಿನಿಯರು, ಜರಿಪೇಟ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು.

ಒಳ್ಳೆಯ ನಿಯಮವೇ. ಅದರಿಂದಾದದ್ದು ಇಷ್ಟು: ಯಾರಿಗೂ ಗೆಲ್ಲುವುದು ಬೇಕಿರಲಿಲ್ಲ. ಎಲ್ಲರೂ ಒಳ್ಳೆಯ ನಾಣ್ಯವನ್ನು ಮನೆಯಲ್ಲಿ ಬೀಗ ಹಾಕಿಟ್ಟು, ಎರಡನೆಯ ದರ್ಜೆಯದನ್ನು ತರುತ್ತಿದ್ದರು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಾನು ಪ್ರತಿವರ್ಷವೂ ಎರಡನೆಯ ಸ್ಥಾನಕ್ಕೆ ಬಂದವನು. ದೊಡ್ಡ ಗಂಟಲು ಎಂದು ಗಂಟೆ ಬಾರಿಸಿ ಹರಾಜು ಕೂಗುವ ಕೆಲಸವೂ ನನ್ನದೇ. ಹೆರಿಗೆ ಮನೆಗೆ ತಲುಪುತ್ತಿದ್ದದ್ದು ಒಂದೆರಡು ಸೀಸೆ ಡೆಟಾಲಿನಷ್ಟು.

ಹಾಗೆ ಒಂದು ವರ್ಷದ ಹಣ ಕೊಡಲು ಅಧ್ಯಕ್ಷರು, ನಾನು ಹೆರಿಗೆ ಮನೆಗೆ ಹೋದೆವು. ಕೈ ತೊಳೆದುಕೊಂಡೆವು. ಕಿಟಕಿಯ ಮೇಲೆ ಒಂದು ಕಾಸು ಬಿದ್ದಿತ್ತು, ದಪ್ಪಗೆ, ಪಾಚಿಯ ಬಣ್ಣದ ಕಿಲುಬು ಹಿಡಿದು. ಅಂದು ಬೆಳಿಗ್ಗೆ ತಾನೇ ಒಂದು ಬಾಣಂತಿಯ ಕಡೆಯವರು ಕೊಟ್ಟದ್ದು, ಇನ್ನೂ ಕುದಿಯುವ ನೀರು ಕಂಡಿರಲಿಲ್ಲ. ಅಧ್ಯಕ್ಷರು ಅದನ್ನು ಬೆಳಕಿಗೆ ಹಿಡಿದರು. ಅವರ ಮೀಸೆ ನಡುಗಿತು.

"ನರ್ಸಮ್ಮಾ, ಇದು ವಿಜಯನಗರದ ಕಾಲದ್ದು. ಕಿಲುಬಿನ ಕೆಳಗೆ ಅಕ್ಷರ ಇದೆ. ಇಂಥದು ನಾನು ಇನ್ನೊಂದು ಕಂಡಿಲ್ಲ. ಮುಂದಿನ ಸಲ ನೀವೇ ಸ್ಪರ್ಧೆಗೆ ತನ್ನಿ. ಬೆಂಗಳೂರಿಂದ ದೊಡ್ಡ ವ್ಯಾಪಾರಿ ಒಬ್ರನ್ನ ಕರೆಸ್ತೀನಿ."

"ತಂದ್ರೆ?"

"ತಂದ್ರೆ ನಿಮ್ಮನೆಗೆ ನಲ್ಲಿ ಬಂತು ಅಂತ ತಿಳ್ಕೊಳಿ. ಆದ್ರೆ ಒಂದು ಮಾತು. ಇದ್ದ ಹಾಗೇ ತನ್ನಿ. ಒರೆಸಲೂಬೇಡಿ."

ನರ್ಸಮ್ಮ ಆ ಕಾಸನ್ನು ನೋಡಲಿಲ್ಲ. ಮೂಲೆಯಲ್ಲಿದ್ದ ಖಾಲಿ ಕೊಡಗಳ ಕಡೆ ನೋಡಿದರು. "ಒಳಗೇ ನಲ್ಲಿ" ಎಂದು ತಮಗೆ ತಾವೇ ಹೇಳಿಕೊಂಡರು.

ಸ್ಪರ್ಧೆಯ ದಿನ ಬೆಂಗಳೂರಿನ ವ್ಯಾಪಾರಿ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ನರ್ಸಮ್ಮ ಒಗೆದ ಬಿಳಿ ಸೀರೆ ಉಟ್ಟು, ಗಾಯಕ್ಕೆ ಕಟ್ಟುವ ಬಟ್ಟೆಯಲ್ಲಿ ಕಾಸನ್ನು ಸುತ್ತಿ ತಂದರು. ಮೇಜಿನ ಮೇಲೆ ಬಿಚ್ಚಿದರು. ಅದು ಹೊಸ ಚೊಂಬಿನ ಹಾಗೆ ಫಳಫಳ ಹೊಳೆಯಿತು. ಎರಡೂ ಕಡೆ ನುಣ್ಣಗೆ. ಒಂದು ಅಕ್ಷರವಿಲ್ಲ.

"ತಿಕ್ಕಿಬುಟ್ರಾ?" ಎಂದರು ಅಧ್ಯಕ್ಷರು.

"ಕುದಿಸಿದೆ. ಆಮೇಲೆ ತಿಕ್ಕಿದೆ."

"ಹೇಳಿದ್ನಲ್ಲಮ್ಮಾ ನಿಮಗೆ!"

"ಹೇಳಿದ್ರಿ. ಮೂರು ದಿನ ಇಟ್ಕೊಂಡೂ ಇದ್ದೆ. ಹಸಿ ಬಾಣಂತೀರು ಮಲಗಿರೋ ಕಡೆ ಕಿಲುಬು ಇಟ್ಕೊಂಡು ನಂಗೆ ನಿದ್ದೆ ಹತ್ಲಿಲ್ಲ ಕಣ್ರೀ. ಕೈ ಅದ್ರ ಕಡೆಗೇ ಹೋಗ್ತಿತ್ತು. ಅಕ್ಷರ ಕಿಲುಬಿನ ಜೊತೆಗೇ ಹೋಗ್ತದೆ ಅಂತ ಯಾರಿಗ್ಗೊತ್ತು? ನಮ್ಮ ಚಮಚದ ಮೇಲಿರೋದು ಹೋಗಲ್ವಲ್ಲ."

ವ್ಯಾಪಾರಿ ಛತ್ರಿ ಎತ್ತಿಕೊಂಡು, ಎಲ್ಲರಿಗೂ ಕೈಮುಗಿದು, ಮೆಟ್ಟಿಲಿಳಿದು ಹೋದರು. ನರ್ಸಮ್ಮ ಅವರು ಹೋದ ಬಾಗಿಲನ್ನೇ ನೋಡುತ್ತಾ ಕೇಳಿದರು, "ಹಾಗಾದ್ರೆ ನಲ್ಲಿ ಇಲ್ವಾ?"

ಆಗ ನನ್ನ ತಲೆ ಓಡಿತು.

ಅಧ್ಯಕ್ಷರ ಕೋಟಿನ ಒಳಜೇಬಿನಲ್ಲಿ ಒಂದು ಚಿನ್ನದ ವರಾಹ ಸದಾ ಇರುತ್ತಿತ್ತು, ರೇಷ್ಮೆ ಬಟ್ಟೆಯಲ್ಲಿ ಸುತ್ತಿ. ಸ್ಪರ್ಧೆಗೆ ಅದನ್ನು ಎಂದೂ ಇಟ್ಟವರಲ್ಲ. ಕಾಫಿ ಕುಡಿಯುವಾಗ ತೆಗೆದು ತೋರಿಸಿ, ನಮ್ಮ ಹೊಟ್ಟೆ ಉರಿಸಿ, ಮತ್ತೆ ಒಳಗಿಡುತ್ತಿದ್ದರು. ನಾನು ಮುಖವನ್ನು ಸಪ್ಪಗೆ ಮಾಡಿಕೊಂಡೆ.

"ಸ್ವಾಮೀ, ಪಾಪ, ಅವರಿಗೆ ತಿಳೀಲಿಲ್ಲ. ಹಳೇ ನಾಣ್ಯ ಅಂದ್ರೆ ಹೇಗಿರ್ಬೇಕು ಅಂತ ತಮ್ಮ ವರಾಹ ಪಕ್ಕದಲ್ಲಿಟ್ಟು ಒಂದ್ಸಲ ತೋರ್ಸಿಬುಡಿ."

ಪಾಠ ಹೇಳುವ ಅವಕಾಶವನ್ನು ಅವರು ಎಂದೂ ಬಿಟ್ಟವರಲ್ಲ. ರೇಷ್ಮೆ ಬಿಚ್ಚಿದರು. ವರಾಹವನ್ನು ಹಸಿರು ಬಟ್ಟೆಯ ಮೇಲಿಟ್ಟರು. ನಾನು ಗಂಟೆ ಬಾರಿಸಿದೆ.

"ಮೊದಲನೇ ಸ್ಥಾನ, ನಮ್ಮ ಅಧ್ಯಕ್ಷರು!" ಎಂದು ಕೂಗಿ ಹಾರವನ್ನೂ ಹಾಕಿಬಿಟ್ಟೆ. ಮಹಡಿ ಬಿದ್ದುಹೋಗುವ ಹಾಗೆ ಚಪ್ಪಾಳೆ. ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡವರೆಲ್ಲ ಎದ್ದು ನಿಂತರು.

"ಏಯ್, ಇದು ಸ್ಪರ್ಧೆಗಲ್ಲ ಕಣಯ್ಯಾ!"

"ನಿಯಮ ತಾವೇ ಮಾಡಿದ್ದಲ್ವೇ ಸ್ವಾಮೀ. ಸರಿ, ಯಾರು ಕೂಗ್ತೀರಿ?"

ಕೂಗಿದರು. ಒಬ್ಬರ ಮೇಲೊಬ್ಬರು ಏರಿಸಿದರು. ನಲ್ಲಿಯ ಖರ್ಚು ದಾಟಿಹೋಯಿತು. ನಾನು ಗೆದ್ದ ಗರ್ವದಲ್ಲಿ ಇನ್ನೊಮ್ಮೆ ಗಂಟೆ ಎತ್ತಿದೆ. ಅಷ್ಟರಲ್ಲಿ ನರ್ಸಮ್ಮ ನಿಧಾನವಾಗಿ ಎದ್ದು ಬಂದರು. ಗದ್ದಲದಲ್ಲಿ ಅಧ್ಯಕ್ಷರ ಮುಖ ನೋಡಿದವರು ಅವರೊಬ್ಬರೇ ಇರಬೇಕು. ವರಾಹವನ್ನು ತೆಗೆದು ಆ ಮುದುಕರ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಒಳಗಿಡಿ ಸ್ವಾಮೀ. ರೀ, ನೀವು ಆ ಗಂಟೆ ಕೆಳಗಿಡ್ರಿ."

"ನರ್ಸಮ್ಮಾ, ನಿಮ್ಮ ನಲ್ಲಿಗೇ ಕಣ್ರೀ ನಾನು..."

"ಗೊತ್ತು. ಕಿತ್ಕೊಂಡ ನೀರು ನಂಗೆ ಬೇಡ." ಕುರ್ಚಿಯ ಬೆನ್ನು ಹಿಡಿದು ನಿಂತರು. "ನೀವೊಂದು ಕಪಿ. ನನ್ನ ಮೇಲೆ ಅಷ್ಟೊಂದು ಮರುಕ ಇದ್ರೆ ನಾಳೆ ಬೆಳಿಗ್ಗೆ ಬಂದು ನಾಲ್ಕು ಕೊಡ ನೀರು ಹೊತ್ತಾಕಿ."

ಈಗ ಎಲ್ಲರೂ ನಕ್ಕದ್ದು ನನ್ನನ್ನು ನೋಡಿ. ನನಗದು ಹೊಸದು.

ಒಂದು ದಿನದ ತಮಾಷೆ ಎಂದುಕೊಂಡು ಮರುದಿನ ಹೋದೆ. ಹೊತ್ತು ಹಾಕಿದೆ. ಹೊರಡುವಾಗ ಅವರು ಥ್ಯಾಂಕ್ಸ್ ಹೇಳಲಿಲ್ಲ, "ನಾಳೆ ಸ್ವಲ್ಪ ಬೇಗ ಬನ್ನಿ" ಎಂದರು. ಕುಚೇಷ್ಟೆಯಲ್ಲಿ ನನ್ನ ಅಪ್ಪ ಅವರು. ಹೋಗದೆ ಇರಲು ನೆಪ ಹುಡುಕಿದೆ, ಬೆನ್ನು ನೋವೆಂದೆ. "ನಂಗೂ" ಎಂದರು. ಅಲ್ಲಿಗೆ ಮುಗಿಯಿತು. ಕಚೇರಿಗೆ ಹೋಗುವ ಮುಂಚೆ ನೀರು ಹೊರುವುದು ನನ್ನ ದಿನಚರಿಯಾಯಿತು. ಸರದಿಯಲ್ಲಿ ನಿಂತ ಹೆಂಗಸರು, "ಏನ್ ಗುಮಾಸ್ತ್ರೇ, ಮನೇಲಿ ಎಡ್ತಿ ಓಡ್ಸಿದ್ಲಾ?" ಎಂದು ಆಡಿಕೊಳ್ಳುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. ಆದರೆ ಕೊಡ ಹೊತ್ತು ವಾಪಸು ನಡೆಯುವಾಗ ಯಾವ ಮಾತೂ ಹೊಳೆಯುತ್ತಿರಲಿಲ್ಲ. ಆ ಹೊರೆಗೆ ಅಂಥ ಗುಣ.

ಒಂದು ಬೆಳಿಗ್ಗೆ ನೋಡಿದರೆ ಸರದಿಯ ಕೊನೆಯಲ್ಲಿ ಅಧ್ಯಕ್ಷರು. ಅದೇ ಪೇಟ, ಅದೇ ಕೋಟು, ಕೈಯಲ್ಲಿ ಹಿತ್ತಾಳೆಯ ಕೊಡ. ಆ ಬೀದಿಯ ನಲ್ಲಿಯ ಮುಂದೆ ಲಕ್ಷ್ಮೀಪುರಂನ ಪೇಟವೊಂದು ಸರದಿ ಕಾದದ್ದು ಅದೇ ಮೊದಲಿರಬೇಕು. ಹೆಂಗಸರು ಸೆರಗು ಸರಿಮಾಡಿಕೊಂಡರು. ಕೊನೆಗೆ ಒಬ್ಬಾಕೆ, "ಬುಡಿ ಸಾಮೀ, ಪೇಟ ನೆಂದೋಯ್ತದೆ, ನಾ ಎತ್ಕೊಡ್ತೀನಿ" ಎಂದು ಕೊಡವನ್ನು ಅವರ ಹೆಗಲಿಗೇರಿಸಿದಳು. ಅವರು ನನ್ನ ಕಡೆ ನೋಡದೆ, "ನಿನ್ನ ಜೊತೆ ಮಾತಾಡಲ್ಲ ಕಣಯ್ಯಾ" ಎಂದರು. ಹಾಗೆ ಮಾತಾಡದೆ ಎಷ್ಟೋ ತಿಂಗಳು ನನ್ನ ಪಕ್ಕದಲ್ಲೇ ನಡೆದರು.

ಜೀವಮಾನವೆಲ್ಲ ಊರುಗಳಿಗೆ ನೀರಿನ ಕೊಳವೆ ಹಾಕಿಸಿದ ಮನುಷ್ಯ. ತಾವೇ ಹೊತ್ತ ಮೇಲೆ ಅವರಿಗೆ ಸಿಟ್ಟು ಬಂತು. ನಗರಸಭೆಯ ಮೆಟ್ಟಿಲು ಹತ್ತಿ ಇಳಿದು, ಕಡೆಗೂ ಪೈಪು ಹಾಕಿಸಿದರು. ಖರ್ಚು ಯಾರದೆಂದು ಅವರು ಹೇಳಲಿಲ್ಲ. ಒಳಜೇಬಿನಿಂದ ರೇಷ್ಮೆ ಬಟ್ಟೆ ಮತ್ತೆಂದೂ ಹೊರಗೆ ಬರಲಿಲ್ಲ. ವರಾಹ ಮಾರಿದರೆಂಬುದು ನನ್ನ ಅನುಮಾನವಲ್ಲ, ಖಾತ್ರಿ.

ನಲ್ಲಿ ಬಂದ ದಿನ ನಾನು ನರ್ಸಮ್ಮನನ್ನು ಕೆಣಕದೆ ಬಿಡಲಿಲ್ಲ. "ನೋಡಿ, ಅವತ್ತು ಸುಮ್ನಿದ್ದಿದ್ರೆ ಅದೇ ವರಾಹಕ್ಕೆ ಅದೇ ನಲ್ಲಿ ಆ ವಾರಾನೇ ಬರ್ತಿತ್ತು. ಇಷ್ಟು ದಿನ ನನ್ನ ಹೆಗಲು ಸವೆಸಿದ್ರಲ್ಲ."

"ಬರ್ತಿತ್ತು" ಎಂದರು, ನಲ್ಲಿ ತಿರುಗಿಸಿ ನೋಡುತ್ತಾ. "ಆದ್ರೆ ಅಧ್ಯಕ್ಷರು ಈ ಕಡೆ ತಲೆ ಹಾಕ್ತಿರ್ಲಿಲ್ಲ. ಅವರ ಸೊಸೆಗೆ ಈಗ ಆರು ತಿಂಗಳು. ಎಲ್ಲಿಗೆ ಕರ್ಕೊಂಡೋಗ್ತಿದ್ರು ಹೇಳಿ?"

ನಾನು ಮಾಡಿದ್ದೇ ಸರಿ ಎಂದು ಇಂದಿಗೂ ವಾದಿಸಬಲ್ಲೆ. ಎದುರು ವಾದಿಸಲು ಅವರಿಲ್ಲ, ಅಷ್ಟೇ.

ನಲ್ಲಿ ಬಂದು ಕೆಲವೇ ವರ್ಷಕ್ಕೆ ಅವರು ಹೋದರು. ಒಲೆಯ ಮೇಲೆ ನೀರಿಟ್ಟು, ಕುದಿಯಲಿ ಎಂದು ಮಣೆಯ ಮೇಲೆ ಕೂತವರು ಏಳಲಿಲ್ಲ. ನಿದ್ದೆ ಎಂದುಕೊಂಡು ಆಯಾ ಬಹಳ ಹೊತ್ತು ಎಬ್ಬಿಸಲಿಲ್ಲವಂತೆ. ನಾನು ಹೋಗುವಷ್ಟರಲ್ಲಿ ರಸ್ತೆ ತುಂಬ ಜನ. ಅಧ್ಯಕ್ಷರು ಗೋಡೆ ಹಿಡಿದು ನಿಂತಿದ್ದರು. ಒಳಗೆ ಹೆಂಗಸರು ಸ್ನಾನ ಮಾಡಿಸಲು ಸಿದ್ಧ ಮಾಡುತ್ತಿದ್ದರು.

ನಾನು ಬಾಗಿಲಿಗೆ ಹೋಗಿ ಆಯಾಳನ್ನು ಕೇಳಿದೆ, "ಕೊಡ ಎಲ್ಲಿ? ಕೊಡು, ನೀರು ತರ್ತೀನಿ."

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. "ಯಾಕ್ ಸಾಮೀ, ಒಳಗೇ ನಲ್ಲಿ ಐತಲ್ಲ."

ಬಂದು ಜಗಲಿಯ ಮೇಲೆ ಕೂತೆ. ಒಳಗೆ ನಲ್ಲಿ ಬಿಟ್ಟರು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ಯಾರೋ ನಿಲ್ಲಿಸಿದರು.