ದೇಶಮುಖರ ಮೋಟಾರಿನ ಬಾಗಿಲು

ಆಳಂದದ ದೇಶಮುಖರ ವಾಡೆಯಲ್ಲಿ ಒಂದು ಕರಿ ಮೋಟಾರು ಇತ್ತು. ನಡೆಸಲು ಡ್ರೈವರ್ ಬೇರೆ. ಒರೆಸಿ ಮಿರುಗಿಸುವುದಷ್ಟೇ ಚಂದ್ರಾಮನ ಕೆಲಸ. ಒಮ್ಮೆಯೂ ಅದರೊಳಗೆ ಕೂತವನಲ್ಲ. ಆದರೂ ಕೂಸಿಗೆ ಎಣ್ಣೆ ತಿಕ್ಕುವ ಹಾಗೆ ತಿಕ್ಕುತ್ತಿದ್ದ, ಹುಚ್ಚ.

ಅವನ ಹೆಂಡತಿ ಸಕ್ಕುಬಾಯಿ ಅದೇ ವಾಡೆಯಲ್ಲಿ ಪಾತ್ರೆ ಬೆಳಗುವವಳು. ೧೯೪೮ರ ಯುಗಾದಿಗೆ ತುಂಬು ಬಸುರಿ. ಹಬ್ಬ ಮುಗಿದ ಮೇಲೆ ಚೊಚ್ಚಲ ಹೆರಿಗೆಗೆ ದುಧನಿಯ ತವರಿಗೆ ಗಂಡನ ಜೊತೆ ಹೋಗುವುದೆಂದು ಗೊತ್ತಾಗಿತ್ತು. ಹಬ್ಬದ ಕೊಡಗಳನ್ನು ಬೆಳಗಿದ ಹುರುಪಿನಲ್ಲಿ, ಗಂಡನಿಗೂ ಒಂದಿಷ್ಟು ಕೆಲಸ ಹಗುರಾಗಲಿ ಎಂದು, ಮೋಟಾರಿನ ಬಾಗಿಲಿಗೂ ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ಹುಲ್ಲಿನಿಂದ ಗಸಗಸ ತಿಕ್ಕಿಬಿಟ್ಟಳು. ಕೊಡದ ಹಿತ್ತಾಳೆ ಹೊಳೆಯಿತು. ಬಾಗಿಲು ಮಂಕಾಗಿ ಮೈತುಂಬ ಗೀರಾಯಿತು.

ದೇಶಮುಖರು ಬೈಯಲಿಲ್ಲ. ಬೈದು ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

“ಈ ಬಾಗಲದಾಗ ಮುಖ ಕಾಣೂತನಾ ನೀ ವಾಡೆ ಬಿಟ್ಟು ಹೋಗೂಹಂಗಿಲ್ಲಲೇ” ಎಂದರು ಚಂದ್ರಾಮನಿಗೆ.

ದುಧನಿ ದೂರವೇನಲ್ಲ, ಆದರೆ ಗಡಿಯ ಆಚೆ. ಆಚೆ ಹಿಂದೂಸ್ತಾನ, ಈಚೆ ನಿಜಾಮರ ರಾಜ್ಯ, ನಡುವೆ ತಪಾಸಣೆಯ ನಾಕೆ. ರಜಾಕಾರರ ಭಯಕ್ಕೆ ಜನ ಗಂಟುಮೂಟೆ ಕಟ್ಟಿ ದಾಟುತ್ತಿದ್ದ ಕಾಲ. ಸಕ್ಕುಬಾಯಿಯನ್ನು ಅಣ್ಣ ಬಂದು ಬಂಡಿಯಲ್ಲಿ ಕರೆದೊಯ್ದ. ಕೂಸನ್ನು ತೊಟ್ಟಿಲಿಗೆ ಹಾಕುವಷ್ಟರಲ್ಲಿ ಬಂದೇ ಬರುತ್ತೇನೆಂದು ಚಂದ್ರಾಮ ಮಾತು ಕೊಟ್ಟ. ಹೇಳದೆ ಓಡಿಹೋಗಲೂ ಬರುವಂತಿರಲಿಲ್ಲ; ವಾಡೆಯ ಹಿಂದಿನ ಗುಡಿಸಲಿನಲ್ಲಿ ಕಣ್ಣು ಕಾಣದ ತಾಯಿ ಗೌರಾಬಾಯಿ ಇದ್ದಳು.

ಅವನು ವಿಭೂತಿ ಪುಡಿ ಮಾಡಿ ಹಳೆ ಧೋತರದಲ್ಲಿ ಸೋಸಿದ. ಕುಸುಬಿ ಎಣ್ಣೆಯಲ್ಲಿ ಕಲಸಿ, ಅರಳೆಯಿಂದ ಒತ್ತದೆ, ಬಿಡದೆ ತಿಕ್ಕಿದ. ಆಳವಾದ ಗೀರಿಗೆ ದೀಪದ ಕಪ್ಪನ್ನು ಜೇನುಮೇಣದಲ್ಲಿ ಕಲಸಿ ತುಂಬಿದ. ಬಾಗಿಲು ಕಣ್ಣು ಬಿಡುವಷ್ಟರಲ್ಲಿ ದೇಶಮುಖರು ಗೊಬ್ಬೂರಿಗೆ ಹೋಗಿ ಬಂದರು. ದಾರಿಯ ಜಾಲಿಮುಳ್ಳು ಮತ್ತೆ ಗೀರಿತ್ತು. ಆಮೇಲೆ ಕಡಗಂಚಿ, ಮತ್ತೆ ಜಾಲಿ. “ಇದೊಂದು ಮುಗಿಸಿ ಹೋಗು” ಎಂದು ಪ್ರತಿಸಲ ಮೂಗಿಗೆ ತುಪ್ಪ ಸವರುವರು. ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ತೊಟ್ಟಿಲು ಕಟ್ಟಿದ ಸುದ್ದಿಯೂ ಬಂತು. ಅವನ ಕೈ ಬಾಗಿಲ ಮೇಲೆಯೇ ಇತ್ತು.

ಕಾರಹುಣ್ಣಿಮೆ ಕಳೆದ ಮೇಲೆ ಬಾಗಿಲಲ್ಲಿ ಮುಖ ಕಂಡಿತು. ಅದೇ ವಾರ ದೇಶಮುಖರೇ ಸೊಲ್ಲಾಪುರಕ್ಕೆ ಹೊರಟು ನಿಂತರು, ಹೆಂಡಿರು ಮಕ್ಕಳು ಟ್ರಂಕು ಸಮೇತ. ದಾರಿ ದುಧನಿಯ ಮೇಲೆಯೇ.

ತಾಯಿಯೂ ಹೋಗಿಬಾ ಎಂದಿದ್ದಳು. ಚಂದ್ರಾಮ ಕೈಮುಗಿದ. “ಧಣ್ಯಾರ, ಫೂಟ್‌ಬೋರ್ಡ್ ಮ್ಯಾಲ ನಿಂತು ಬರ್ತೇನ್ರಿ. ಕೂಸಿನ ಮುಖ ನೋಡಿ ತಿರುಗಿ ಬರ್ತೇನಿ.”

“ನಿನ್ನ ಕಾಲು ತಾಗಿ ಬಾಗಲಕ್ಕ ಗೀರು ಬೀಳ್ತದಲೇ. ವಾಡೆ ಯಾರು ಕಾಯಬೇಕು?” ಎಂದು ಕೀಲಿಕೈ ಗೊಂಚಲು ಅವನ ಕೈಗಿಟ್ಟರು. ಸಕ್ಕುಬಾಯಿಯ ಬಾಯಲ್ಲಿ ಕೇಳಿದ ಆ ಮಾತು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ದುಧನಿಯಲ್ಲಿ ಇಂಜಿನಿಗೆ ನೀರು ಹಾಕಲು ಮೋಟಾರು ನಿಂತಿತು. ಗುರುತು ಹಿಡಿದು ಸಕ್ಕುಬಾಯಿ ಕೂಸನ್ನು ಎತ್ತಿಕೊಂಡು ಓಡಿಬಂದಳು. ಗಂಡ ವಾಡೆ ಕಾಯುತ್ತಿದ್ದಾನೆ ಎಂದ ಡ್ರೈವರ್.

ಭಾದ್ರಪದದಲ್ಲಿ ನಿಜಾಮರ ಆಳ್ವಿಕೆ ಮುಗಿದು ದಾರಿ ತೆರೆದಾಗ ಅವಳು ಗಂಡನನ್ನು ಸೇರಿದಳು. ಕೂಸು ಅಪ್ಪನ ಕೈಗೆ ಹೋಗದೆ ಚೀರಿತಂತೆ. ಮುಪ್ಪಿನಲ್ಲಿ ಅವಳು ನನ್ನೆದುರು ನೆನೆಯುತ್ತಿದ್ದುದು ಮಾತ್ರ ದುಧನಿಯ ಆ ಗಳಿಗೆಯನ್ನೇ.

“ನಾ ಕೆಡಿಸಿದ ಬಾಗಲಾ ಎಷ್ಟು ಚಂದ ತಿಕ್ಕಿದ್ರರೀ ನಮ್ಮ ಮನ್ಯಾವರು. ಅದರಾಗ ನನ್ನ ಮುಖ ಕಂಡಿತು, ಕೂಸಿನ ಮುಖ ಕಂಡಿತು. ಅವರದೊಂದ ಕಾಣಲಿಲ್ಲ.”