ಅತ್ತೆಯ ಖಾತೆ ತೆರೆದ ಸೆಮಿಸಿ

ದ್ವೀಪವೊಂದರ ನೆಯಾಫು ಬಂದರಿನ ಬಳಿ ಸೆಮಿಸಿ ಮೊಬೈಲ್ ರಿಪೇರಿ ಮಾಡುತ್ತಿದ್ದ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವನಿಗೆ ಇನ್ನೊಂದು ಕಸುಬಿತ್ತು. ಕಂಪನಿಗಳ ತಂತ್ರಾಂಶದಲ್ಲಿ ಕಳ್ಳರು ನುಸುಳಬಹುದಾದ ತೂತುಗಳನ್ನು ಹುಡುಕಿ ಗುಟ್ಟಾಗಿ ತಿಳಿಸುವ ಹೊರಗಿನವರಿಗೆ ಆ ಕಂಪನಿಗಳು ಬಹುಮಾನ ಕೊಡುತ್ತವೆ. ಅಂಥದೊಂದು ಬಹುಮಾನದಿಂದ ಸೆಮಿಸಿಯ ಮನೆಗೆ ನೀರಿನ ಟ್ಯಾಂಕ್ ಬಂದಿತ್ತು.

ಆ ವರ್ಷ ಊರಿನ ಚಿಕಿತ್ಸಾಲಯದವರು ಸರದಿ ಚೀಟಿ ನಿಲ್ಲಿಸಿದರು. ಇನ್ನು ಮೇಲೆ ಸಮುದ್ರದಾಚೆಯ ಕಂಪನಿಯೊಂದರ ಆ್ಯಪಿನಲ್ಲೇ ಹೆಸರು, ಕಾಯಿಲೆ ಬರೆಸಬೇಕು. ವಾರದೊಳಗೆ ಸೆಮಿಸಿ ಅದರ ತೂತು ಕಂಡುಹಿಡಿದ. ಖಾತೆ ಸಂಖ್ಯೆಯ ಒಂದು ಅಂಕಿ ಬದಲಿಸಿದರೆ ಸಾಕು, ಯಾರ ಕಾಯಿಲೆಯ ವಿವರವನ್ನಾದರೂ ಯಾರು ಬೇಕಾದರೂ ಓದಬಹುದಿತ್ತು.

ಕಂಪನಿಗೆ ಅದನ್ನು ತೋರಿಸಿಕೊಡಲು ತನ್ನದಲ್ಲದ ಇನ್ನೊಂದು ಖಾತೆ ಬೇಕಾಯಿತು. ಅಪ್ಪನ ಅಕ್ಕ ಮೆಲೆನೈತೆಯ ಬಳಿಗೆ ಹೋದ.

“ಅತ್ತೆ, ನಿಮ್ಮ ಖಾತೆ ಒಂದ್ಸಲ ನೋಡ್ಲಾ?”

ಚಾಪೆ ಹೆಣೆಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. “ನಿಮ್ಮಪ್ಪನ ಮನೇಲಿ ಬೇಕಾದ್ದನ್ನೆಲ್ಲ ನಾನು ಕೇಳದೇ ಎತ್ಕೊಂಡು ಬರ್ತೀನಿ. ನೀನೊಬ್ಬ ಕೇಳೋಕೆ ಬಂದೆ! ಹೋಗೋ, ನೋಡ್ಕೋ. ನನ್ನ ಸಕ್ಕರೆ ಕಾಯಿಲೆ ಬಿಟ್ರೆ ಅಲ್ಲೇನಿದೆ?”

ಅಪ್ಪನ ಅಕ್ಕನಿಗೆ ತಮ್ಮನ ಮನೆಯಲ್ಲಿ ಎಲ್ಲದರ ಮೇಲೂ ಹಕ್ಕಿರುವುದು ಅಲ್ಲಿನ ರೂಢಿ; ಅವನ ಮಟ್ಟಿಗೆ ಅತ್ತೆಯದೆಂದರೆ ಮನೆಯದೇ. ಅವನು ಅಂಕಿ ಬದಲಿಸಿ ಅತ್ತೆಯ ಕಾಯಿಲೆಯ ಪುಟ ತೆರೆದು, ಅದರ ಚಿತ್ರವನ್ನೇ ಸೇರಿಸಿ ಕಂಪನಿಗೆ ವರದಿ ಕಳಿಸಿದ.

ಹನ್ನೊಂದನೆಯ ದಿನ ಉತ್ತರ ಬಂತು: “ಪರರ ಖಾತೆ ತೆರೆದು ನಿಯಮ ಮುರಿದಿದ್ದೀರಿ. ವರದಿಯನ್ನು ಪರಿಶೀಲಿಸದೆ ಮುಚ್ಚಲಾಗಿದೆ.”

ಅತ್ತೆ ಪರರೇ? ಅವನು ಆ ಸಾಲನ್ನು ಮತ್ತೆ ಮತ್ತೆ ಓದಿದ. ಬಹುಮಾನ ಬೇಡ, ತೂತು ಮುಚ್ಚಿದರೆ ಸಾಕು ಎಂದು ಮೂರು ಸಲ ಬರೆದ. ಮೂರು ಸಲವೂ ಅದೇ ಉತ್ತರ. ಚಿಕಿತ್ಸಾಲಯದ ನರ್ಸಮ್ಮನನ್ನು ಕೇಳಿದರೆ, “ನನ್ನ ಕೈಲೇನಿದೆ ಮಗಾ? ನಾನೂ ಅವರಿಗೇ ಪತ್ರ ಬರೀಬೇಕು” ಎಂದು ನಿಟ್ಟುಸಿರಿಟ್ಟಳು.

ಶನಿವಾರ ಅತ್ತೆ ಚಾಪೆ ಹೆಣೆಯುವ ಆರು ಹೆಂಗಸರನ್ನು ಅಂಗಡಿಗೆ ಕರೆತಂದಳು.

“ಇವರ ಹೆಸರೆಲ್ಲ ಆ್ಯಪಿಗೆ ಹಾಕ್ಕೊಡು.”

“ಬೇಡ ಅತ್ತೆ. ತೂತು ಇನ್ನೂ ಹಾಗೇ ಇದೆ. ಇವರು ಹೇಳಿದ್ದನ್ನೆಲ್ಲ ಯಾರು ಬೇಕಾದ್ರೂ ಓದ್ಬಹುದು.”

“ಸರಿ, ಬೇರೆ ದಾರಿ ಹೇಳು ಮತ್ತೆ. ಡಾಕ್ಟರನ್ನ ನೋಡೋದು ಹೇಗೆ?”

ಇಬ್ಬರು ಹೆಂಗಸರು ಬಾಗಿಲವರೆಗೆ ಹೋಗಿ ಅಲ್ಲೇ ನಿಂತರು. ಎಲ್ಲರಿಗಿಂತ ಚಿಕ್ಕವಳಾದ ಸೆಲಾ ಮಾತ್ರ ಹೊಟ್ಟೆ ಹಿಡಿದುಕೊಂಡು ಮುಂದೆ ಬಂದಳು.

“ನಂಗೆ ತಡೆಯೋಕಾಗ್ತಿಲ್ಲ ಅಣ್ಣ, ಬರ್ಕೋ” ಎಂದವಳು, ಉಳಿದವರಿಗೆ ಕೇಳಿಸದಂತೆ ಅವನ ಕಿವಿಯ ಬಳಿ ಬಾಗಿ ತನ್ನ ಕಾಯಿಲೆಯನ್ನು ಹೇಳಿದಳು.

ಸೆಮಿಸಿ ಅದನ್ನು ಒಂದಕ್ಷರವೂ ಬಿಡದೆ ಆ್ಯಪಿನಲ್ಲಿ ಬರೆದ.